ನೀರು ಚೆಲ್ಲದೆ ಪಾಳುಬಿದ್ದ ಪೂಲ್ ಸರಿಮಾಡಿದ ಬಗೆ

ಜನವರಿ ಮೊದಲ ವಾರ ಭಾವನ ಹೋಂಸ್ಟೇ ಹಿಂದಿನ ಪೂಲ್‌ಗೆ ಟಾರ್ಚ್ ಬಿಟ್ಟೆ. ಬೆಳಕು ಒಂದು ಗೇಣೂ ಕೆಳಗೆ ಇಳಿಯಲಿಲ್ಲ. ಮೇಲೆಲ್ಲ ಸಿಲ್ವರ್ ಮರದ ಎಲೆ ಚಾಪೆ ಹಾಸಿದ ಹಾಗೆ ಕೂತಿತ್ತು, ಅದರ ಮೇಲೊಂದು ಕಪ್ಪೆ. ಎಲೆ ಸರಿಸಿದರೆ ಕೆಳಗೆ ಕಡು ಹಸಿರು ನೀರು, ಅಂಚಿನಲ್ಲಿ ಸಾಲು ಸಾಲು ಗೊದಮೊಟ್ಟೆ. ಭಾವನಿಗೆ ಬೆನ್ನಿನ ಆಪರೇಷನ್ ಆದಮೇಲೆ ಹೋಂಸ್ಟೇ ಮುಚ್ಚಿತ್ತು. ಎರಡು ಮಳೆಗಾಲ ಆ ಕಡೆ ಯಾರೂ ಹೋಗಿರಲಿಲ್ಲ.

ನನ್ನದು ಮೂಡಿಗೆರೆಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ಪೂಲ್ ಮೋಟರ್ ಎಷ್ಟೋ ಬಿಚ್ಚಿದ್ದೇನೆ, ಆದರೆ ನೀರಿನ ಕೆಲಸ ಮಾಡಿದವನಲ್ಲ. ಅಕ್ಕ ಫೋನ್ ಮಾಡಿ, "ಒಬ್ಬರು ಬಂದು ನೋಡಿ ಹೋದರು ಕಣೋ. ನೀರೆಲ್ಲ ಹೊರಗೆ ಹಾಕಿ ಆಸಿಡ್ ಹೊಡೆದು ತೊಳೆದು ಹೊಸ ನೀರು ತುಂಬಬೇಕಂತೆ. 85 ಸಾವಿರ ಕೇಳಿದರು. ನೀನೊಂದು ಸಲ ಬಂದು ನೋಡು" ಅಂದಳು. ಹಾಗೆ ಹೋದವನು ಒಂಬತ್ತು ದಿನ ಅಲ್ಲೇ ಇದ್ದೆ. ನೀರು ಚೆಲ್ಲಲಿಲ್ಲ. ಅದೇ ನೀರು ತಿಳಿಯಾಯಿತು. ನಿಮ್ಮ ಮನೆಯಲ್ಲೋ ತೋಟದಲ್ಲೋ ಇಂಥದ್ದೊಂದು ಪೂಲ್ ಇದ್ದರೆ ಏನು ಮಾಡಬೇಕು ಅನ್ನುವುದನ್ನು ನಾನು ಮಾಡಿದ ಕ್ರಮದಲ್ಲೇ ಹೇಳುತ್ತೇನೆ.

ಯಾಕೆ ಚೆಲ್ಲಬಾರದು ಅಂತ ಮೊದಲು ಹೇಳಬೇಕು, ಯಾಕೆಂದರೆ ಎಲ್ಲರೂ ಮೊದಲು ಕೈಹಾಕುವುದೇ ಅದಕ್ಕೆ. ನಮ್ಮ ಕಡೆ ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ಕಾಫಿಯ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯಬೇಕು. ಕೆರೆಯ ನೀರು ಅದಕ್ಕೇ ಸಾಲುವುದಿಲ್ಲ, ಪೂಲ್‌ಗೆ ಎಲ್ಲಿಂದ ತರುವುದು? ಬೆಂಗಳೂರಿನಲ್ಲಂತೂ 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಈಜುಕೊಳಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಖಾಲಿ ಪೂಲ್ ಅಂದರೆ ನೆಲದಲ್ಲಿ ಹೂತಿಟ್ಟ ದೋಣಿ ಇದ್ದ ಹಾಗೆ. ಸುತ್ತ ಮಣ್ಣಿನಲ್ಲಿ ನೀರು ಮೇಲಿದ್ದರೆ ಅದು ತಳವನ್ನು ಮೇಲಕ್ಕೆ ಒತ್ತುತ್ತದೆ. ಒಳಗಿನ ನೀರಿನ ಭಾರವೇ ಅದನ್ನು ತಡೆದು ಹಿಡಿದಿರುವುದು. ಮಲೆನಾಡಿನಲ್ಲಿ ಜೂನ್‌ನಿಂದ ಮಳೆ ನಿಂತು ಒಂದೆರಡು ತಿಂಗಳವರೆಗೂ ಪೂಲ್ ಖಾಲಿ ಮಾಡಿದರೆ ತಳ ಬಿರುಕು ಬಿಡಬಹುದು, ಪೂರಾ ಪೂಲೇ ಮೇಲೆದ್ದು ಪೈಪೆಲ್ಲ ಕಿತ್ತುಬರಬಹುದು. ಒಳಗೆ ಕಕ್ಕಸಿನ ನೀರು ಸೇರಿದ್ದರೆ, ತಳ ಒಡೆದಿದ್ದರೆ, ಖಾಲಿ ಮಾಡಲೇಬೇಕು. ಆಗಲೂ ಬೇಸಿಗೆಯಲ್ಲಿ, ಪಕ್ಕದಲ್ಲಿ ಗುಂಡಿ ತೋಡಿ ನೀರು ಎಷ್ಟು ಕೆಳಗಿದೆ ನೋಡಿಕೊಂಡು ಮಾಡಿ.

ಅಳತೆ, ಎಲೆ, ಹಾವು

ಟೇಪ್ ಹಿಡಿದು ಉದ್ದ, ಅಗಲ, ಎರಡೂ ತುದಿಯ ಆಳ ಬರೆದುಕೊಳ್ಳಿ. ಭಾವನ ಪೂಲ್ 26 ಅಡಿ ಉದ್ದ, 13 ಅಡಿ ಅಗಲ. ಒಂದು ಕಡೆ ಆಳ ಮೂರೂವರೆ ಅಡಿ, ಇನ್ನೊಂದು ಕಡೆ ಐದೂವರೆ, ಸರಾಸರಿ ನಾಲ್ಕೂವರೆ. ಮೂರನ್ನೂ ಗುಣಿಸಿ 28.3ರಿಂದ ಮತ್ತೆ ಗುಣಿಸಿದರೆ ಲೀಟರ್ ಸಿಗುತ್ತದೆ. ನಮ್ಮದು 43,000 ಲೀಟರ್ ಬಂತು. ಈ ಸಂಖ್ಯೆಯನ್ನು ಪಂಪ್ ರೂಮಿನ ಗೋಡೆ ಮೇಲೆ ದೊಡ್ಡದಾಗಿ ಬರೆದುಬಿಡಿ. ಮುಂದೆ ಹಾಕುವ ಒಂದೊಂದು ಔಷಧಿಯ ಲೆಕ್ಕವೂ ಇದರ ಮೇಲೇ ನಿಂತಿದೆ.

ಎಲೆ ತೆಗೆಯುವುದಕ್ಕೆ ಉದ್ದ ಕೋಲಿನ ಬಲೆ ಬೇಕು. ಚಪ್ಪಟೆ ಬಲೆ ಮೇಲಿನದಕ್ಕಷ್ಟೇ ಆಗುತ್ತದೆ. ತಳದ ಕೊಳೆತ ಎಲೆಗೆ ಚೀಲದ ಹಾಗಿರುವ ಆಳ ಬಲೆಯೇ ಬೇಕು. ನಾನೂ ಭಾವನ ತೋಟದ ಹುಡುಗನೂ ಸೇರಿ ಒಂದೂವರೆ ದಿನದಲ್ಲಿ ಹದಿನೇಳು ಗೊಬ್ಬರದ ಚೀಲ ಎಲೆ ತೆಗೆದೆವು. ಕೊಳೆತ ಎಲೆ ಒಳಗಿರುವಾಗ ಕ್ಲೋರಿನ್ ಹಾಕಿದರೆ ಅದೆಲ್ಲ ಎಲೆಯನ್ನು ಸುಡುವುದಕ್ಕೇ ಖರ್ಚಾಗುತ್ತದೆ. ಅದಕ್ಕೆ ಇಲ್ಲಿ ಅವಸರ ಬೇಡ.

ಕೆಲಸ ಶುರು ಮಾಡುವ ಮೊದಲು ಕೋಲಿನಿಂದ ಅಂಚು, ಮೇಲಿನ ಕಸ ಎಳೆದುಕೊಳ್ಳುವ ಸ್ಕಿಮ್ಮರ್ ಬಾಯಿ, ಪಂಪ್ ರೂಮಿನ ಮೂಲೆ ಎಲ್ಲ ಬಡಿದು ನೋಡಿ. ನಮಗೆ ಪಂಪ್ ರೂಮಿನಲ್ಲಿ ಒಂದು ಕೊಳಕುಮಂಡಲ ಸಿಕ್ಕಿತು. ಹಾವು ಹಿಡಿಯುವವರನ್ನು ಕರೆಸಿ ಕಾಡಿಗೆ ಬಿಡಿಸಿದೆವು. ಕೊಳೆತ ನೀರಿಗೆ ಇಳಿಯಬೇಡಿ, ಮೂಗಿಗಂತೂ ಹೋಗಲೇಬಾರದು. ಕೇರಳದಲ್ಲಿ ನಿಂತ ನೀರಿನ ಅಮೀಬಾ ಮೂಗಿನಿಂದ ಮೆದುಳಿಗೆ ಹೋಗಿ ಮಕ್ಕಳು ಸತ್ತಿದ್ದನ್ನು ಪತ್ರಿಕೆಯಲ್ಲಿ ಓದಿದ್ದೀರಿ, ಅಲ್ವಾ? ಗೊದಮೊಟ್ಟೆಗಳನ್ನು ಬಕೆಟ್‌ನಲ್ಲಿ ಹಿಡಿದು ಕೆರೆಗೆ ಬಿಟ್ಟೆವು. ಅಕ್ಕ ಹಾಗೇ ಮಾಡಬೇಕು ಅಂತ ಹಠ ಹಿಡಿದಳು, ಒಳ್ಳೆಯದೇ ಆಯಿತು.

ಮೋಟರ್ ಮತ್ತು ಮರಳು

ಇದು ನನ್ನ ಕಸುಬು, ಸ್ವಲ್ಪ ಜಾಸ್ತಿ ಹೇಳುತ್ತೇನೆ. ಎರಡು ವರ್ಷ ನಿಂತ ಮೋಟರ್‌ಗೆ ಸುಮ್ನೆ ಸ್ವಿಚ್ ಹಾಕಬೇಡಿ. ಒಳಗೆ ತುಕ್ಕು ಹಿಡಿದು ಬಿಗಿದಿದ್ದರೆ ಒಂದೇ ನಿಮಿಷದಲ್ಲಿ ವೈಂಡಿಂಗ್ ಸುಟ್ಟುಹೋಗುತ್ತದೆ. ಮೊದಲು ಮೇನ್ ಆಫ್ ಮಾಡಿ, ಹಿಂದಿನ ಫ್ಯಾನ್ ಕವರ್ ಬಿಚ್ಚಿ, ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡಿ. ನಮ್ಮದು ಮಿಸುಕಲಿಲ್ಲ. ಪಂಪ್ ಬಿಚ್ಚಿದರೆ ನೀರು ತಳ್ಳುವ ಇಂಪೆಲ್ಲರ್ ಚಕ್ರದ ಒಳಗೆ ಎಲೆ ಒಣಗಿ ಗಟ್ಟಿ ಉಂಡೆಯಾಗಿತ್ತು. ಟರ್ಮಿನಲ್ ಡಬ್ಬಿಯಲ್ಲಿ ಇರುವೆ ಗೂಡು ಕಟ್ಟಿತ್ತು. ಕ್ಲೀನ್ ಮಾಡಿ ಎರಡೂ ಬೇರಿಂಗ್, ಮೆಕ್ಯಾನಿಕಲ್ ಸೀಲ್, ಕೆಪಾಸಿಟರ್ ಹೊಸದು ಹಾಕಿದೆ. ಕರೆಂಟ್ ಸೋರುತ್ತದಾ ಅಂತ ಅಳೆಯುವ ಮೆಗ್ಗರ್ ಇಟ್ಟು ವೈಂಡಿಂಗ್‌ಗೂ ಬಾಡಿಗೂ ನಡುವೆ ನೋಡಿದೆ. ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಒಣಗಿಸದೆ ಓಡಿಸಬಾರದು. ಲೈನ್‌ಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಟ್ ಮಾಡುವ ಸ್ವಿಚ್, ಇರಲೇಬೇಕು. ಅಲ್ಲಿ ಇರಲಿಲ್ಲ. ಅದನ್ನು ಹಾಕದೆ ನಾನು ಸ್ವಿಚ್ ಮುಟ್ಟಲಿಲ್ಲ. ಅರ್ಥಿಂಗ್ ಕೂಡ ಹೊಸದಾಗಿ ಮಾಡಿದೆ. ನೀರಿನಲ್ಲಿ ಒದ್ದೆ ಮೈ ಇರುವ ಜಾಗ ಅದು.

ಓಡಿಸುವ ಮುಂಚೆ ಪಂಪ್ ಮುಂದೆ ಕಸ ಹಿಡಿಯುವ ಸ್ಟ್ರೈನರ್ ಡಬ್ಬಿಗೆ ನೀರು ತುಂಬಿ. ಒಣ ಓಡಿದರೆ ಸೀಲ್ ಸುಟ್ಟುಹೋಗುತ್ತದೆ. ನೀರು ಹಿಡಿದ ಮೇಲೂ ಪೂಲ್‌ಗೆ ಬರುವ ಪೈಪಿನಲ್ಲಿ ಗುಳ್ಳೆ ಬರುತ್ತಲೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ ಅಂತ ಅರ್ಥ. ಹತ್ತರಲ್ಲಿ ಒಂಬತ್ತು ಸಲ ಅದು ಸ್ಟ್ರೈನರ್ ಮುಚ್ಚಳದ ಓ-ರಿಂಗ್.

ಇನ್ನು ಮರಳಿನ ಫಿಲ್ಟರ್. ಬಿಚ್ಚಿದರೆ ಮೇಲಿನ ನಾಲ್ಕು ಇಂಚು ಮರಳು ಅಂಟಿನುಂಡೆ ಹಾಗೆ ಒಂದಕ್ಕೊಂದು ಹಿಡಿದುಕೊಂಡಿತ್ತು. ನೀರು ಆ ಗಟ್ಟಿಯನ್ನು ಬಿಟ್ಟು ಪಕ್ಕದ ಸಂದಿಯಿಂದ ಹಾಗೇ ಇಳಿದು ಹೋಗುತ್ತಿತ್ತು. ಅಷ್ಟೂ ಮರಳು ತೆಗೆದು 75 ಕೆಜಿ ಹೊಸ ಸಿಲಿಕಾ ಮರಳು ತುಂಬಿದೆವು. ಹೊಳೆ ಮರಳು, ಎಂ-ಸ್ಯಾಂಡ್ ಬೇಡವೇ ಬೇಡ. ತುಂಬುವಾಗ ನಡುವಿನ ಪೈಪಿನ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಅದರೊಳಗೆ ಮರಳು ಹೋಗಬಾರದು. ಫಿಲ್ಟರ್‌ಗೆ ಮೊದಲು ಅರ್ಧ ನೀರು ತುಂಬಿ ಆಮೇಲೆ ಮರಳು ಸುರಿಯಿರಿ. ಇಲ್ಲದಿದ್ದರೆ ತಳದಲ್ಲಿರುವ ಬಾಚಣಿಗೆಯಂಥ ಪ್ಲಾಸ್ಟಿಕ್ ಕೊಳವೆಗಳು ಮರಳಿನ ಹೊಡೆತಕ್ಕೆ ಮುರಿಯುತ್ತವೆ. ಆಮೇಲೆ ಪೂಲ್ ತುಂಬ ಮರಳು ಬರುತ್ತದೆ.

ಫಿಲ್ಟರ್ ಮೇಲೆ ನೀರಿನ ದಾರಿ ಬದಲಾಯಿಸುವ ಮಲ್ಟಿಪೋರ್ಟ್ ವಾಲ್ವ್‌ನ ಹಿಡಿಯನ್ನು ಮೋಟರ್ ಓಡುವಾಗ ತಿರುಗಿಸಲೇಬಾರದು, ಒಳಗಿನ ಗ್ಯಾಸ್ಕೆಟ್ ಕಿತ್ತುಹೋಗುತ್ತದೆ. ತೊಳೆದ ಫಿಲ್ಟರ್‌ನ ಗೇಜ್ ಎಷ್ಟು ತೋರಿಸುತ್ತದೋ ಅದನ್ನೂ ಗೋಡೆ ಮೇಲೆ ಬರೆಯಿರಿ. ಅದಕ್ಕಿಂತ 8ರಿಂದ 10 ಪಿಎಸ್‌ಐ (ಒತ್ತಡದ ಅಳತೆ) ಏರಿದಾಗ ಬ್ಯಾಕ್‌ವಾಶ್ ಮಾಡಬೇಕು, ಅಂದರೆ ನೀರನ್ನು ಉಲ್ಟಾ ಹರಿಸಿ ಮರಳು ತೊಳೆಯಬೇಕು. ಪಾಚಿ ಸಾಯುವ ದಿನಗಳಲ್ಲಿ ನಾನು ದಿನಕ್ಕೆ ಮೂರು ಸಲ ಮಾಡಿದ್ದೇನೆ. ಆ ನೀರನ್ನು ಹಳ್ಳಕ್ಕೆ ಬಿಡಬೇಡಿ. ಕ್ಲೋರಿನ್‌ಗೆ ಮೀನು ಸಾಯುತ್ತವೆ. ಭಾವನ ತೋಟದ ಹಳ್ಳ ಹೋಗಿ ಸೇರುವುದು ಹೇಮಾವತಿಗೆ. ನಾವು ತೋಟದಿಂದ ದೂರ ಒಂದು ಇಂಗುಗುಂಡಿ ತೋಡಿ ಅದಕ್ಕೆ ಬಿಟ್ಟೆವು.

ಕ್ಲೋರಿನ್ ಹಿಡಿದು ನಿಲ್ಲಿಸುವುದು

ಭಾವ ಕುರ್ಚಿ ಹಾಕಿಕೊಂಡು ಕೂತು ನೋಡುತ್ತಿದ್ದರು. "ಮೈಲುತುತ್ತ ಹಾಕಿಬಿಡೋಣ ಕಣೋ. ಬೋರ್ಡೋ ದ್ರಾವಣಕ್ಕೆ ತಂದಿದ್ದು ಗೋಡೌನಲ್ಲಿ ಇದೆಯಲ್ಲ" ಅಂದರು. ಕೊಳೆರೋಗಕ್ಕೆ ಪ್ರತಿವರ್ಷ ಹೊಡೆಯುವವರಿಗೆ ಹಾಗೆ ಅನ್ನಿಸುವುದು ಸಹಜ. ಮೈಲುತುತ್ತದಲ್ಲಿರುವ ತಾಮ್ರಕ್ಕೆ ಪಾಚಿ ಸಾಯುವುದೂ ನಿಜ. ಆದರೆ ತಾಮ್ರ ನೀರಿನಿಂದ ಆವಿಯಾಗಿ ಹೋಗುವುದಿಲ್ಲ, ಹಾಕಿದಷ್ಟೂ ಉಳಿಯುತ್ತದೆ. ಗೋಡೆಗೆ ನೀಲಿ, ಕಪ್ಪು ಕಲೆ ಹಿಡಿಯುತ್ತದೆ, ನರೆತ ಕೂದಲು ಹಸಿರಾಗುತ್ತದೆ. ಮತ್ತೆ ಅದು ರೋಗಾಣು ಕೊಲ್ಲುವ ಔಷಧಿಯೂ ಅಲ್ಲ. "ಬೇಡ ಭಾವ, ಅದು ತೋಟಕ್ಕೇ ಇರಲಿ" ಅಂದೆ.

ಕ್ಲೋರಿನ್‌ಗೂ ಮುಂಚೆ ಪಿಎಚ್, ಅಂದರೆ ನೀರು ಎಷ್ಟು ಹುಳಿ ಎಷ್ಟು ಕ್ಷಾರ ಅನ್ನುವ ಅಳತೆ, ಟೆಸ್ಟ್ ಕಿಟ್‌ನಲ್ಲಿ ನೋಡಿ. ನಮ್ಮಲ್ಲಿ ಬೆಳಿಗ್ಗೆ 7.6 ಇದ್ದದ್ದು ಮಧ್ಯಾಹ್ನ ಮೂರಕ್ಕೆ 8.4 ತೋರಿಸಿತು. ಕಿಟ್ ಕೆಟ್ಟಿದೆ ಅಂದುಕೊಂಡೆ. ಕಿಟ್ ಸರಿಯಾಗೇ ಇತ್ತು. ಬಿಸಿಲಿಗೆ ಪಾಚಿ ನೀರಿನ ಇಂಗಾಲಾಮ್ಲವನ್ನು ಹೀರುತ್ತದೆ, ಅದಕ್ಕೆ ಪಿಎಚ್ ಏರುತ್ತದೆ. ಪಿಎಚ್ 7.2 ಇದ್ದಾಗ ಹಾಕಿದ ಕ್ಲೋರಿನ್‌ನಲ್ಲಿ ಮೂರರಲ್ಲಿ ಎರಡು ಪಾಲು ಜೋರಾಗಿ ಕೆಲಸ ಮಾಡುವ ರೂಪದಲ್ಲಿರುತ್ತದೆ. 8ಕ್ಕೆ ಹೋದರೆ ನಾಲ್ಕರಲ್ಲಿ ಒಂದು ಪಾಲೂ ಇರುವುದಿಲ್ಲ. ಇದನ್ನು ನೋಡದೆ ಕ್ಲೋರಿನ್ ಸುರಿಯುವುದು ದುಡ್ಡನ್ನು ನೀರಿಗೆ ಹಾಕಿದ ಹಾಗೆಯೇ.

ಮಲೆನಾಡಿನ ನೀರು ಮೆದು. ಪಿಎಚ್ ಏರಿಳಿಯದ ಹಾಗೆ ಹಿಡಿದಿಡುವ ಆಲ್ಕಲಿನಿಟಿ 40 ಪಿಪಿಎಂ (ಲೀಟರ್‌ಗೆ 40 ಮಿಲಿಗ್ರಾಂ) ಬಂತು, 80ರಿಂದ 120 ಇರಬೇಕು. 3 ಕೆಜಿ ಅಡಿಗೆ ಸೋಡಾ ಹಾಕಿ 80ಕ್ಕೆ ತಂದೆ. ಆಮೇಲೆ ಅರ್ಧ ಲೀಟರ್ ಹೈಡ್ರೋಕ್ಲೋರಿಕ್ ಆಸಿಡ್ಡನ್ನು ಒಂದು ಬಕೆಟ್ ನೀರಿಗೆ ಹಾಕಿ ಪೂಲ್ ಸುತ್ತ ಚೆಲ್ಲಿ ಪಿಎಚ್ ಇಳಿಸಿದೆ. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಬಾರದು.

ಈಗ ಕ್ಲೋರಿನ್. ಒಂದು ಪಿಪಿಎಂ ಅಂದರೆ ಲೀಟರ್‌ಗೆ ಒಂದು ಮಿಲಿಗ್ರಾಂ. 10 ಪಿಪಿಎಂಗೆ 43,000 ಲೀಟರ್‌ಗೆ 430 ಗ್ರಾಂ ಅಪ್ಪಟ ಕ್ಲೋರಿನ್ ಬೇಕು. ಅಂಗಡಿಯಲ್ಲಿ ಸಿಗುವ 65 ಪರ್ಸೆಂಟ್ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಆದರೆ 660 ಗ್ರಾಂ. ನಮ್ಮ ಮೆದು ನೀರಿಗೆ ಇದೇ ಒಳ್ಳೆಯದು, ಯಾಕೆಂದರೆ ಇದು ಒಂದಿಷ್ಟು ಕ್ಯಾಲ್ಸಿಯಂ ಕೂಡ ಸೇರಿಸುತ್ತದೆ. ಕ್ಯಾಲ್ಸಿಯಂ ಇಲ್ಲದ ನೀರು ಟೈಲ್ಸ್ ಸಂದಿಯ ಸಿಮೆಂಟನ್ನು ತಿನ್ನುತ್ತದೆ. ಕೋಲಾರ, ತುಮಕೂರು ಕಡೆಯ ಬೋರ್‌ವೆಲ್ಲಿನ ಗಡಸು ನೀರಾದರೆ ಕ್ಯಾನ್‌ನಲ್ಲಿ ಬರುವ ದ್ರವ ಹೈಪೋಕ್ಲೋರೈಟ್ ತಗೊಳ್ಳಿ. 10 ಪರ್ಸೆಂಟಿನದು ಸುಮಾರು 4.3 ಲೀಟರ್ ಬೇಕಾಗುತ್ತದೆ. ಅದು ಇಟ್ಟಲ್ಲೇ ಸತ್ವ ಕಳೆದುಕೊಳ್ಳುತ್ತದೆ, ಹೊಸ ಮಾಲೇ ಕೇಳಿ.

ಸಂಜೆ ಬಿಸಿಲು ಇಳಿದ ಮೇಲೆ ಹಾಕಿ. ಹಗಲಾದರೆ ಬಿಸಿಲೇ ಅದನ್ನು ತಿಂದುಬಿಡುತ್ತದೆ. ಮೊದಲ ಸಂಜೆ 660 ಗ್ರಾಂ ಬಕೆಟ್‌ನಲ್ಲಿ ಕರಗಿಸಿ ಹಾಕಿದೆ. ಬೆಳಿಗ್ಗೆ ಆರಕ್ಕೆ ನೋಡಿದರೆ ಸೊನ್ನೆ. ಇಲ್ಲೇ ಹೆಚ್ಚಿನವರು ಕೈಬಿಡುವುದು. ಸೊನ್ನೆ ಬಂದರೆ ಔಷಧಿ ಕೆಟ್ಟದ್ದು ಅಂತಲ್ಲ, ಅದು ರಾತ್ರಿಯಿಡೀ ದುಡಿದಿದೆ. ಮತ್ತೆ ಹಾಕಬೇಕು. ಬೆಳಿಗ್ಗೆ, ಸಂಜೆ, ಬ್ರಷ್ ಹಿಡಿದು ಗೋಡೆ ಉಜ್ಜುತ್ತ, ಕರೆಂಟ್ ಇದ್ದಷ್ಟು ಹೊತ್ತೂ ಮೋಟರ್ ಓಡಿಸುತ್ತ. ಆರು ದಿನಕ್ಕೆ 5 ಕೆಜಿ ಹಿಡಿಯಿತು. ಎರಡನೇ ದಿನ ಕಡು ಹಸಿರು ಎಳೆ ಹಸಿರಾಯಿತು, ಮೂರನೇ ದಿನ ಅಕ್ಕಿ ತೊಳೆದ ನೀರಿನ ಬಣ್ಣ. ಬಿಳಿ ಬಂತು ಅಂದರೆ ಪಾಚಿ ಸತ್ತಿದೆ ಅಂತ ಲೆಕ್ಕ.

ಟೆಸ್ಟ್ ಕಿಟ್ ವಿಷಯದಲ್ಲಿ ಒಂದು ಎಚ್ಚರ. ಗುಲಾಬಿ ಬಣ್ಣ ಬರುವ ಡಿಪಿಡಿ ಕಿಟ್‌ನಲ್ಲಿ ಕ್ಲೋರಿನ್ ತೀರಾ ಜಾಸ್ತಿ ಇದ್ದರೆ ಬಣ್ಣವೇ ಬಿಳಚಿ ಸೊನ್ನೆಯ ಹಾಗೆ ಕಾಣುತ್ತದೆ. ಹನಿ ಬೀಳುತ್ತಿದ್ದ ಹಾಗೇ ಒಂದು ಕ್ಷಣ ಗುಲಾಬಿ ಮಿಂಚಿ ಮಾಯವಾದರೆ ಅದು ಇದೇ. ಒಂದು ಪಾಲು ಪೂಲ್ ನೀರಿಗೆ ನಾಲ್ಕು ಪಾಲು ಬಾಟಲಿ ನೀರು ಸೇರಿಸಿ ನೋಡಿ, ಬಂದದ್ದನ್ನು ಐದರಿಂದ ಗುಣಿಸಿ.

ಇನ್ನೊಂದನ್ನು ಹೇಳದೆ ಇರಲಾರೆ. ಭಾವನ ಗೋಡೌನಿನಲ್ಲಿ ಹಳೆಯ ಟಿಸಿಸಿಎ ಪುಡಿ ಅರ್ಧ ಡಬ್ಬಿ ಇತ್ತು. ಅದೂ ಕ್ಲೋರಿನ್ನೇ, ನೋಡಲಿಕ್ಕೂ ಬಿಳಿಯೇ. ಅದರಲ್ಲಿದ್ದ ಮಗ್ ತೆಗೆದು ಹುಡುಗ ನನ್ನ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ತೂಗಲು ಹೊರಟ. ಒಂದು ಚಮಚದಷ್ಟು ಬಿದ್ದಿರಬಹುದು, ಅಷ್ಟೇ. ಚುಂಯ್ ಅಂತ ಸದ್ದಾಯಿತು. ಮಗ್‌ನ ತಳ ಬಿಸಿಯಾಗಿ ಹಳದಿ ಹೊಗೆ ಎದ್ದಿತು. ನಾನು ಮಗ್ ಕಿತ್ತು ಅಂಗಳಕ್ಕೆ ಎಸೆದು ಅವನನ್ನು ಹೊರಗೆ ಎಳೆದುಕೊಂಡು ಬಂದೆ. ಇಬ್ಬರಿಗೂ ಅರ್ಧ ಗಂಟೆ ಕೆಮ್ಮು. ಇನ್ನಷ್ಟು ಬಿದ್ದಿದ್ದರೆ ಗೋಡೌನೇ ಹೊತ್ತಿಕೊಳ್ಳುತ್ತಿತ್ತು. ತಪ್ಪು ಅವನದಲ್ಲ, ಮೊದಲೇ ಹೇಳದಿದ್ದದ್ದು ನನ್ನದು. ಈ ಎರಡು ಒಂದು ರೂಮಿನಲ್ಲಿ ಇರಬಾರದು, ಒಂದೇ ಮಗ್ ಮುಟ್ಟಬಾರದು, ಎರಡರ ಹತ್ತಿರಕ್ಕೂ ಆಸಿಡ್ ಬರಬಾರದು. ಈಗ ನನ್ನ ಹತ್ತಿರ ಕೆಂಪು ಮಗ್ ಒಂದಕ್ಕೆ, ನೀಲಿ ಮಗ್ ಇನ್ನೊಂದಕ್ಕೆ. ಆಸಿಡ್ ಬೇರೆ ಶೆಡ್ಡಿನಲ್ಲಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಯಾವಾಗಲೂ.

ಪಾಚಿ ಪೂರಾ ಸತ್ತಿದೆಯಾ ಅಂತ ತಿಳಿಯಲು ರಾತ್ರಿ ಪರೀಕ್ಷೆ ಒಂದಿದೆ. ಕತ್ತಲಾದ ಮೇಲೆ ಕ್ಲೋರಿನ್ ನೋಡಿ ಬರೆದುಕೊಳ್ಳಿ. ಸೂರ್ಯ ಹುಟ್ಟುವ ಮುಂಚೆ ಮತ್ತೆ ನೋಡಿ. ಒಂದು ಪಿಪಿಎಂಗಿಂತ ಕಡಿಮೆ ಇಳಿದಿದ್ದರೆ ಗೆದ್ದ ಹಾಗೆ. ಏಳನೇ ರಾತ್ರಿ ನಮ್ಮದು 6 ಇದ್ದದ್ದು ಬೆಳಿಗ್ಗೆ 5.5 ಇತ್ತು. ಆ ಚಳಿಯಲ್ಲಿ ಅಕ್ಕನನ್ನು ಎಬ್ಬಿಸಿ ತೋರಿಸಿದೆ.

ಉಳಿದ ಮಬ್ಬಿಗೆ ಪಟಿಕ. ಒಂದು ಕೆಜಿ ಕರಗಿಸಿ ಹಾಕಿ, ಫಿಲ್ಟರ್ ಮೂಲಕ ಹೋಗದ ಹಾಗೆ ಸ್ವಲ್ಪ ಹೊತ್ತು ನೀರು ತಿರುಗಿಸಿ, ರಾತ್ರಿಯಿಡೀ ಮೋಟರ್ ನಿಲ್ಲಿಸಿದೆ. ಬೆಳಿಗ್ಗೆ ಎಲ್ಲ ತಳಕ್ಕೆ ಬೂದಿಯ ಹಾಗೆ ಕೂತಿತ್ತು. ವ್ಯಾಕ್ಯೂಮ್ ಹೋಸ್‌ಗೆ ಪೂರ್ತಿ ನೀರು ತುಂಬಿ ಗಾಳಿ ತೆಗೆದು, ನೀರು ಫಿಲ್ಟರ್‌ಗೆ ಹೋಗದೆ ನೇರ ಹೊರಗೆ ಹೋಗುವ ಹಾಗೆ ವಾಲ್ವನ್ನು ವೇಸ್ಟ್‌ಗೆ ಇಟ್ಟು, ಮೆಲ್ಲಗೆ ಎಳೆಯಬೇಕು. ಅವಸರ ಮಾಡಿದರೆ ಎಲ್ಲ ಮತ್ತೆ ಏಳುತ್ತದೆ. ನಾಲ್ಕು ಇಂಚು ನೀರು ಹೋಯಿತು, ಮೂರು ಸಾವಿರ ಲೀಟರ್ ಚಿಲ್ಲರೆ. 43,000ದಲ್ಲಿ ನಾವು ಕಳೆದುಕೊಂಡದ್ದು ಅದೂ, ಬ್ಯಾಕ್‌ವಾಶ್‌ಗೆ ಹೋದದ್ದೂ ಅಷ್ಟೇ.

ಕೊನೆಗೆ ಬಿಸಿಲಿಗೆ ಕ್ಲೋರಿನ್ ಉಳಿಯಲಿ ಅಂತ 1.3 ಕೆಜಿ ಸ್ಟೆಬಿಲೈಸರ್ ಒಂದು ಹಳೇ ಕಾಲುಚೀಲಕ್ಕೆ ಹಾಕಿ ನೀರು ಬರುವ ಬಾಯಿಯ ಮುಂದೆ ಕಟ್ಟಿದೆ. ಅಲ್ಲಿಗೆ 30 ಪಿಪಿಎಂ ಆಗುತ್ತದೆ. ಟಿಸಿಸಿಎ ದಿನಾ ಬಳಸುವವರು ಇದನ್ನು ಬೇರೆ ಹಾಕುವುದೇ ಬೇಡ. ಅದರಲ್ಲೇ ಇದು ಇದೆ, ತಿಂಗಳು ತಿಂಗಳು ಏರುತ್ತಾ ಹೋಗುತ್ತದೆ. 100 ದಾಟಿದರೆ ಕ್ಲೋರಿನ್ ಇದ್ದರೂ ಮಂದವಾಗುತ್ತದೆ, ಆಗ ನೀರು ಸ್ವಲ್ಪ ಬದಲಾಯಿಸದೆ ಬೇರೆ ದಾರಿ ಇಲ್ಲ.

ಆಳದ ತುದಿಗೆ ಸ್ಟೀಲ್ ಲೋಟ ಒಂದನ್ನು ಬಿಟ್ಟೆ. ಮೇಲೆ ನಿಂತು ನೋಡಿದರೆ ಅದರ ಮೇಲೆ ಕೆತ್ತಿದ್ದ ಅಕ್ಕನ ಹೆಸರು ಕಾಣಿಸಿತು. ಅಲ್ಲಿಯವರೆಗೆ ಯಾರನ್ನೂ ಇಳಿಸಬಾರದು. ಮಬ್ಬು ನೀರಿನಲ್ಲಿ ಮುಳುಗಿದವರು ಕಾಣುವುದಿಲ್ಲ. 2024ರ ನವೆಂಬರ್‌ನಲ್ಲಿ ಉಳ್ಳಾಲದ ಹತ್ತಿರ ಒಂದು ರೆಸಾರ್ಟ್ ಪೂಲ್‌ನಲ್ಲಿ ಮೈಸೂರಿನ ಮೂವರು ಹೆಣ್ಣುಮಕ್ಕಳು ಮುಳುಗಿ ಸತ್ತರು. ಆ ಸುದ್ದಿ ನನ್ನ ತಲೆಯಿಂದ ಹೋಗಿಲ್ಲ. ಆಳ ಎಷ್ಟು ಅಂತ ಎರಡೂ ಕಡೆ ಬಣ್ಣದಲ್ಲಿ ಬರೆಸಿದೆ, ಅಂಚಿಗೆ ಹಗ್ಗ ಕಟ್ಟಿದ ಟ್ಯೂಬ್ ನೇತುಹಾಕಿದೆ. ತಳದ ಡ್ರೈನಿನ ಒಡೆದ ಜಾಲರಿ ಬದಲಾಯಿಸಿದೆ. ಆ ಜಾಲರಿ ಇಲ್ಲದಿದ್ದರೆ ಮಗುವಿನ ಕೂದಲನ್ನೋ ಕೈಯನ್ನೋ ಮೋಟರ್ ಎಳೆದು ಹಿಡಿದುಕೊಳ್ಳುತ್ತದೆ.

ಇದನ್ನು ಕಸುಬು ಮಾಡಬಹುದಾ?

ಭಾವನ ಪೂಲ್ ನೋಡಿ ಪಕ್ಕದ ಎಸ್ಟೇಟಿನವರು ಕೇಳಿದರು, ಆಮೇಲೆ ಇನ್ನಿಬ್ಬರು. ಅಂದಿನಿಂದ ನಾನೂ ಲೆಕ್ಕ ಹಾಕುತ್ತಿದ್ದೇನೆ.

ಬಲೆ, ಕೋಲು, ಬ್ರಷ್, ವ್ಯಾಕ್ಯೂಮ್ ಹೆಡ್, 15 ಮೀಟರ್ ಹೋಸ್, ಕಿಟ್, ಗ್ಲೌಸ್ ಎಲ್ಲ ಸೇರಿ ನನಗೆ 12 ಸಾವಿರ ಬಿತ್ತು. ಬಂಡವಾಳ ದೊಡ್ಡದಲ್ಲ. ವಾರಕ್ಕೊಂದು ಸಲ ಹೋದರೆ ಒಂದು ಪೂಲ್‌ಗೆ ಎರಡು ಗಂಟೆ ಬೇಕು. ಐದು ಪೂಲ್ ಹಿಡಿದರೆ ತಿಂಗಳಿಗೆ ಇಪ್ಪತ್ತು ಭೇಟಿ. ಭೇಟಿಗೆ 1,000 ಅಂದರೆ 20 ಸಾವಿರ, ಔಷಧಿಯ ದುಡ್ಡು ಬೇರೆ. ಅದರಲ್ಲಿ ಹುಡುಗನಿಗೆ 7 ಸಾವಿರ, ಪೆಟ್ರೋಲ್‌ಗೆ 3 ಸಾವಿರ. ಉಳಿಯುವುದು 10 ಸಾವಿರ. ಅದೊಂದನ್ನೇ ನಂಬಿ ಸಂಸಾರ ನಡೆಯುವುದಿಲ್ಲ. ಅಂಗಡಿಯ ಜೊತೆಗೆ ಇಟ್ಟುಕೊಂಡರೆ ನಡೆಯುತ್ತದೆ, ಮೋಟರ್ ರಿಪೇರಿಯೂ ಅಲ್ಲೇ ಸಿಗುತ್ತದೆ.

ಲಾಭ ಉಳಿಯುವುದೋ ಇಲ್ಲವೋ ಅನ್ನುವುದು ದಾರಿಯಲ್ಲಿದೆ. ಮೂಡಿಗೆರೆ, ಬಣಕಲ್, ಕೊಟ್ಟಿಗೆಹಾರ ಒಂದೇ ರಸ್ತೆ. ಆ ರಸ್ತೆಯ ಐದು ಪೂಲ್ ಎರಡು ಮಧ್ಯಾಹ್ನದಲ್ಲಿ ಮುಗಿಯುತ್ತವೆ. ಒಂದು ಸಕಲೇಶಪುರದ ಕಡೆ, ಇನ್ನೊಂದು ಚಿಕ್ಕಮಗಳೂರಿನ ಕಡೆ ಅಂತ ಹಿಡಿದರೆ ಪೆಟ್ರೋಲೇ ತಿಂದುಹಾಕುತ್ತದೆ. ಹಾಗೆ ಬಂದ ಒಂದನ್ನು ಬೇಡ ಅಂದೆ. ಸರ್ಕಾರದ ಕಾಗದ ಹೆಚ್ಚಿಲ್ಲ. ಉದ್ಯಮ್ ರಿಜಿಸ್ಟ್ರೇಷನ್ ಪುಕ್ಕಟೆ, ಅದಕ್ಕೆ ದುಡ್ಡು ಕೇಳಿದವರಿಗೆ ಕೊಡಬೇಡಿ. ಸೇವೆಯ ವ್ಯವಹಾರಕ್ಕೆ ವರ್ಷಕ್ಕೆ 20 ಲಕ್ಷ ವಹಿವಾಟು ದಾಟುವವರೆಗೆ ಜಿಎಸ್‌ಟಿ ಬೇಕಿಲ್ಲ. ಪಂಚಾಯತಿಯಲ್ಲಿ ಒಮ್ಮೆ ವಿಚಾರಿಸಿ.

ಹಸಿರಾದ ಪೂಲ್ ಎಬ್ಬಿಸುವ ಕೆಲಸಕ್ಕೆ ಫೋನಿನಲ್ಲಿ ರೇಟ್ ಹೇಳಬೇಡಿ. ನಾನು ಹೋಗಿ ಅಳೆದು, ಮೋಟರ್ ತಿರುಗಿಸಿ, ಫಿಲ್ಟರ್ ಬಿಚ್ಚಿ ನೋಡಿದ ಮೇಲೆ ಹೇಳುತ್ತೇನೆ. ನೋಡಿದ್ದಕ್ಕೆ 500 ತಗೊಳ್ಳುತ್ತೇನೆ, ಕೆಲಸ ಕೊಟ್ಟರೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತೇನೆ.

ಮಾತುಕತೆ ಕಷ್ಟವಾಗುವುದು ಮಳೆಗಾಲದ್ದು. ಎಲ್ಲರೂ "ಮಳೆಗೆ ಗೆಸ್ಟ್ ಈಜುವುದಿಲ್ಲ, ಜೂನ್‌ನಿಂದ ಸೆಪ್ಟೆಂಬರ್ ಬೇಡ" ಅನ್ನುತ್ತಾರೆ. ಪೂಲ್ ಹಾಳಾಗುವುದೇ ಆ ನಾಲ್ಕು ತಿಂಗಳಲ್ಲಿ. ಮಳೆ ನೀರು ತುಂಬಿ ಹರಿದು ಕ್ಲೋರಿನ್, ಆಲ್ಕಲಿನಿಟಿ ಎಲ್ಲ ತೊಳೆದುಕೊಂಡು ಹೋಗುತ್ತದೆ, ಎಲೆ ಬೀಳುತ್ತದೆ, ಸೊಳ್ಳೆ ಮೊಟ್ಟೆ ಇಡುತ್ತದೆ. ಅದಕ್ಕೆ ನಾನು ವರ್ಷದ ಒಪ್ಪಂದವನ್ನೇ ಕೇಳುತ್ತಿದ್ದೇನೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಅರ್ಧ ರೇಟ್. ಎಲೆ ತೆಗೆಯುವುದು, ದಿನಾ ಒಂದೆರಡು ಗಂಟೆ ಮೋಟರ್ ಓಡಿಸಲು ಟೈಮರ್ ಇಡುವುದು, ಕ್ಲೋರಿನ್ ನೋಡುವುದು, ಅಷ್ಟೇ ಕೆಲಸ. ಭಾವನ 43,000 ಲೀಟರ್‌ನ ಕಥೆಯನ್ನೂ, ಮೊದಲ ದಿನ ಫೋನಿನಲ್ಲಿ ತೆಗೆದ ಆ ಕಪ್ಪೆಯ ಫೋಟೋವನ್ನೂ ತೋರಿಸುತ್ತೇನೆ. ಮೂವರಲ್ಲಿ ಇಬ್ಬರು ಒಪ್ಪಿದ್ದಾರೆ.

ಮೂರನೆಯವರು ಬೆಂಗಳೂರಿನಲ್ಲಿರುತ್ತಾರೆ. ಬಣಕಲ್ ಹತ್ತಿರದ ಅವರ ಮನೆಗೆ ಈ ಶನಿವಾರ ಬರುತ್ತಾರಂತೆ. ಟೇಪ್, ಟಾರ್ಚ್, ಮೆಗ್ಗರ್, ಕಿಟ್, ಎರಡು ಬಣ್ಣದ ಮಗ್ ಚೀಲಕ್ಕೆ ಹಾಕಿ ಬೈಕಿನ ಪಕ್ಕ ಇಟ್ಟಿದ್ದೇನೆ.